ಜಾರುವ ನೆಲದ ಮೇಲೆ ಮರಿ ನಿಲ್ಲೋದಿಲ್ಲ

ಭಾನುವಾರದ ಯೌವನಸ್ಥರ ಆರಾಧನೆ – ಸಂದೇಶದ ಬರಹ ರೂಪ
ವಾಕ್ಯಭಾಗ: ಇಬ್ರಿಯರಿಗೆ 12:12-13, ಹೋಶೇಯ 11:3-4, ಅಪೊಸ್ತಲರ ಕೃತ್ಯಗಳು 3:1-11

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಎರಡು ಸಾಲು ಖಾಲಿ ಇದೆ. ಬೈಬಲ್ ತಂದಿರೋರು ತೆಗೀರಿ. ಮೊಬೈಲ್‌ನಲ್ಲಿ ಓದೋರು ವಾಟ್ಸಾಪ್ ಒಂದು ಮುಕ್ಕಾಲು ಗಂಟೆ ಮುಚ್ಚಿಡಿ, ಏನೂ ಆಗಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆ, 12ನೇ ಅಧ್ಯಾಯ, 12 ಮತ್ತು 13ನೇ ವಚನ. ಯಾರಾದ್ರೂ ಒಬ್ಬರು ಗಟ್ಟಿಯಾಗಿ ಓದಿ.

(ವಾಕ್ಯ ಓದಲಾಯಿತು)

ಆಮೆನ್. ಪ್ರಿಯರೇ, ಈ ಎರಡು ವಚನದಲ್ಲಿ ಮೊದಲನೇದು ಎಲ್ಲರಿಗೂ ಬಾಯಿಪಾಠ. ಜೋಲುಬಿದ್ದ ಕೈ ಮೇಲೆತ್ತಿ, ಸೋತ ಮೊಣಕಾಲಿಗೆ ಬಲ ತಂದ್ಕೊಳ್ಳಿ. ಕನ್ವೆನ್ಷನ್‌ಗಳಲ್ಲಿ ಎಷ್ಟು ಸಲ ಕೇಳಿದ್ದೀರಿ! "ಕೈ ಎತ್ತಿ" ಅಂದ ತಕ್ಷಣ ಮೈದಾನದ ತುಂಬ ಕೈ ಮೇಲೆ ಹೋಗುತ್ತೆ. ಆದರೆ 13ನೇ ವಚನದ ಮೇಲೆ ಪ್ರಸಂಗ ಎಷ್ಟು ಕೇಳಿದ್ದೀರಿ? ಅದು ಕಾಲಿನ ಬಗ್ಗೆ ಅಲ್ಲ, ಕಾಲಿನ ಕೆಳಗಿರೋ ದಾರಿ ಬಗ್ಗೆ ಮಾತಾಡುತ್ತೆ. ನಡೆಯೋ ದಾರಿಯನ್ನ ಸಮ ಮಾಡಿ ಅನ್ನುತ್ತೆ. ಯಾಕೆ? ಕುಂಟಾದ ಕಾಲು ಇನ್ನೂ ಉಳುಕಿ ಹೋಗಬಾರದು, ವಾಸಿಯಾಗಬೇಕು. ಅಂದ್ರೆ ಪತ್ರಿಕೆ ಬರೆದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಬಲಹೀನನಿಗೆ "ನಿಲ್ಲು, ನಿಲ್ಲು" ಅಂತ ಕೂಗಿದ್ರೆ ಸಾಲದು. ಅವನು ಯಾವ ನೆಲದ ಮೇಲೆ ನಿಂತಿದ್ದಾನೆ ಅಂತ ಮೊದಲು ನೋಡಬೇಕು.

ಇವತ್ತು ಇದನ್ನ ಒಂದು ಕೋಳಿಮರಿ ಕೈಲಿ ಕಲಿಯೋಣ. ನಗಬೇಡಿ. ಯೇಸುಸ್ವಾಮಿನೇ ಯೆರೂಸಲೇಮಿನ ಮೇಲೆ ಅಳುವಾಗ ತನ್ನನ್ನ ಹೇಂಟೆಗೆ ಹೋಲಿಸ್ಕೊಂಡಿದ್ದಾನೆ, ಮತ್ತಾಯ 23:37. ಸಿಂಹಕ್ಕೆ ಅಲ್ಲ, ಹದ್ದಿಗೆ ಅಲ್ಲ. ರೆಕ್ಕೆ ಕೆಳಗೆ ಮರಿಗಳನ್ನ ಸೇರಿಸ್ಕೊಳ್ಳೋ ಹೇಂಟೆಗೆ. ಹಾಗಾಗಿ ಕೋಳಿಮರಿ ಬಗ್ಗೆ ಮಾತಾಡೋದು ಪುಲ್ಪಿಟ್‌ಗೆ ಕಮ್ಮಿ ಏನಲ್ಲ.

ಚಿಕ್ಕವರಿದ್ದಾಗ ಜಾತ್ರೆಯಲ್ಲೋ ಸಂತೆಯಲ್ಲೋ ಬಣ್ಣ ಹಚ್ಚಿದ ಕೋಳಿಮರಿ ತಗೊಂಡವರು ಎಷ್ಟು ಜನ? ಕೈ ಎತ್ತಿ. ನೋಡಿ, ಅರ್ಧ ಸಭೆ! ಗುಲಾಬಿ, ಹಸಿರು, ನೀಲಿ. ಎಷ್ಟು ದಿನ ಬದುಕಿತು? (ನಗು) ಹೂಂ, ಯಾರೂ ಹೇಳಲ್ಲ.

ಆ ಮರಿಗಳು ಎಲ್ಲಿಂದ ಬರ್ತವೆ ಗೊತ್ತಾ? ಮೊಟ್ಟೆಗಾಗಿ ಕೋಳಿ ಸಾಕೋ ಉದ್ಯಮಕ್ಕೆ ಗಂಡುಮರಿ ಬೇಡ. ಅದು ಮೊಟ್ಟೆ ಇಡಲ್ಲ. ಆ ಜಾತಿ ಮಾಂಸಕ್ಕೂ ಬೇಗ ಬೆಳೆಯಲ್ಲ. ಹುಟ್ಟಿದ ದಿನವೇ ಬೇರೆ ಮಾಡಿ ಹಾಕಿಬಿಡ್ತಾರೆ. ಅದರಲ್ಲಿ ಕೆಲವಕ್ಕೆ ಬಣ್ಣ ಬಿದ್ದು ಬುಟ್ಟಿ ಸೇರ್ತವೆ. ಲೆಕ್ಕಕ್ಕೇ ಬಾರದ ಮರಿ. ಅದನ್ನ ಒಂದು ಮಗು ಕೈ ತೋರಿಸಿ "ಅಪ್ಪಾ, ನಂಗೆ ಅದು ಬೇಕು" ಅನ್ನುತ್ತೆ. ಯಾರಿಗೂ ಬೇಡದ್ದನ್ನ ಒಬ್ಬರು ಬೇಕು ಅಂದ್ರು. ಅಲ್ಲಿಗೆ ಸುವಾರ್ತೆ ಶುರುವಾಯ್ತು, ಅಲ್ವಾ? ಸ್ತೋತ್ರ!

ಆದರೆ ಮನೆಗೆ ತಂದ ಮೇಲೆ ಏನಾಗುತ್ತೆ? ಒಂದು ಶೂ ಡಬ್ಬ, ಒಳಗೆ ನ್ಯೂಸ್ ಪೇಪರ್. ಸ್ವಲ್ಪ ಹೊತ್ತಿಗೆ ಆಡಿಸೋಕೆ ಅಂತ ನೆಲಕ್ಕೆ ಬಿಡ್ತಾರೆ. ನಮ್ಮ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಂ ಹಳೇ ಮನೆಗಳ ನೆಲ ನಿಮಗೆ ಗೊತ್ತು. ರೆಡ್ ಆಕ್ಸೈಡ್ ನೆಲ, ವರ್ಷಗಟ್ಟಲೆ ಒರೆಸಿ ಒರೆಸಿ ಮುಖ ಕಾಣೋ ಹಾಗೆ ಹೊಳೀತಿರುತ್ತೆ. ಹೊಸ ಅಪಾರ್ಟ್‌ಮೆಂಟ್ ಆದ್ರೆ ಟೈಲ್ಸು. ಮನುಷ್ಯರಿಗೆ ಅದು ಅಂದ. ಮರಿಗೆ ಅದು ಗಂಡಾಂತರ. ಪಾಪ, ಅದು ಎದ್ದು ನಿಲ್ಲೋಕೆ ನೋಡುತ್ತೆ. ಎಡಗಾಲು ಎಡಕ್ಕೆ ಜಾರುತ್ತೆ, ಬಲಗಾಲು ಬಲಕ್ಕೆ ಜಾರುತ್ತೆ, ಎದೆ ನೆಲಕ್ಕೆ ಬಡಿಯುತ್ತೆ. ಮತ್ತೆ ಏಳುತ್ತೆ, ಮತ್ತೆ ಜಾರುತ್ತೆ. ಹೊಸದಾಗಿ ಹುಟ್ಟಿದ ಮರಿಯ ಮೂಳೆ, ಸ್ನಾಯು ಇನ್ನೂ ಎಳೇದು. ಹೊಟ್ಟೆ ಕೆಳಗೆ ಇರಬೇಕಾದ ಕಾಲು ಎರಡೂ ಪಕ್ಕಕ್ಕೆ ಚಾಚಿಕೊಂಡು, ಹಾಗೇ ಬೆಳೆಯೋಕೆ ಶುರುವಾಗುತ್ತೆ. ಕೋಳಿ ಸಾಕೋರು ಇದನ್ನ ಸ್ಪ್ಲೇ ಲೆಗ್ ಅಂತಾರೆ. ಇನ್‌ಕ್ಯುಬೇಟರ್ ಶಾಖ ಹೆಚ್ಚುಕಮ್ಮಿಯಾದ್ರೂ, ತಾಯಿಕೋಳಿಗೆ ಪೋಷಣೆ ಸಾಲದೇ ಹೋದ್ರೂ ಮರಿ ಕಾಲು ಬಲ ಇಲ್ಲದೆ ಹುಟ್ಟಬಹುದು. ಆದರೆ ಬಹಳ ಸಲ ಕಾಲಲ್ಲಿ ಹುಟ್ಟಿನಿಂದ ಏನೂ ದೋಷ ಇರಲ್ಲ. ನೆಲ ಜಾರುತ್ತೆ, ಅಷ್ಟೇ.

ನಿಮ್ಮ ಪಕ್ಕದವರಿಗೆ ಹೇಳಿ: "ಕಾಲಿಗೆ ಬೈಯೋ ಮುಂಚೆ ನೆಲ ನೋಡು."

ಇನ್ನೊಂದು ಮಾತು. ಇದಕ್ಕೆ ಮದ್ದಿದೆ. ಬಹಳ ಸುಲಭದ ಮದ್ದು. ಆದರೆ ಅದಕ್ಕೆ ಸಮಯ ಇದೆ. ಮೊದಲ ಒಂದೆರಡು ದಿನದಲ್ಲೇ ನೋಡಿ ಕೈ ಹಾಕಿದ್ರೆ ಕೆಲವೇ ದಿನದಲ್ಲಿ ಮರಿ ಓಡಾಡುತ್ತೆ. ವಾರಗಟ್ಟಲೆ ಬಿಟ್ಟರೆ ಕಾಲು ಹಾಗೇ ಗಟ್ಟಿಯಾಗಿಬಿಡುತ್ತೆ. ಹಾಗಾದ್ರೆ ಏನು ಮಾಡ್ತಾರೆ, ಅದರಿಂದ ನಾವೇನು ಕಲೀಬೇಕು, ಒಂದೊಂದಾಗಿ ನೋಡೋಣ.

1. ಚಿಪ್ಪು ಒಡೆಯೋ ಆತುರ ಬೇಡ

ಕೋಳಿಮೊಟ್ಟೆ ಮರಿಯಾಗೋಕೆ 21 ದಿನ. ಕೊನೇ ಹೊತ್ತಿನಲ್ಲಿ ಮರಿ ಕೊಕ್ಕಿನಿಂದ ಚಿಪ್ಪಿಗೆ ಸಣ್ಣ ತೂತು ಮಾಡುತ್ತೆ. ಆಮೇಲೆ? ಸುಮ್ಮನಾಗಿಬಿಡುತ್ತೆ. ಗಂಟೆಗಟ್ಟಲೆ ಸುಮ್ಮನೆ. ತೂತು ಮಾಡಿದ ಮೇಲೆ ಹೊರಗೆ ಬರೋಕೆ 12 ಗಂಟೆ, 24 ಗಂಟೆ ಕೂಡ ಹಿಡಿಯಬಹುದು. ನೋಡೋರಿಗೆ ಸಂಕಟ. "ಅಯ್ಯೋ, ಸಿಕ್ಕಿಹಾಕ್ಕೊಂಡಿದೆ, ಬಿಡಿಸೋಣ" ಅಂತ ಉಗುರಲ್ಲಿ ಚಿಪ್ಪು ಕೀಳ್ತಾರೆ. ಒಳಗೆ ಏನು ನಡೀತಿದೆ ಅಂತ ಅವರಿಗೆ ಗೊತ್ತಿಲ್ಲ. ಆ ಸುಮ್ಮನಿರೋ ಹೊತ್ತಲ್ಲೇ ಮರಿ ಮೊಟ್ಟೆಯ ಹಳದಿಯನ್ನ ತನ್ನ ಹೊಟ್ಟೆಯೊಳಗೆ ಎಳ್ಕೊಳ್ತಿರುತ್ತೆ. ಪೊರೆಯ ರಕ್ತನಾಳದಲ್ಲಿರೋ ರಕ್ತ ವಾಪಸ್ ಮೈಯೊಳಗೆ ಹೋಗ್ತಿರುತ್ತೆ. ಆಗ ಚಿಪ್ಪು ಕಿತ್ತರೆ ರಕ್ತ ಸುರಿದು ಮರಿ ಸಾಯಬಹುದು. ಆ ಹಳದಿಯೇ ಅದಕ್ಕೆ ಮೊದಲ ಎರಡು ಮೂರು ದಿನದ ಬುತ್ತಿ. ಅದಕ್ಕೇ ಹ್ಯಾಚರಿಯವರು ಒಂದು ದಿನದ ಮರಿಯನ್ನ ಡಬ್ಬದಲ್ಲಿ ಹಾಕಿ ದೂರದ ಊರಿಗೂ ಕಳಿಸಬಹುದು.

ದೇವರು ಒಬ್ಬರ ಒಳಗೆ ಕೆಲಸ ಮಾಡುವಾಗ ಹೊರಗಡೆ ಏನೂ ಕಾಣದ ದಿನಗಳಿರ್ತವೆ. ಇಲ್ಲಿ ಬರೋ ಎಷ್ಟೋ ತಮ್ಮಂದಿರು, ತಂಗಿಯರು ಮೂರು ತಿಂಗಳಿಂದ ಕಡೇ ಬೆಂಚಲ್ಲಿ ಕೂತು ಕೇಳಿ ಹೋಗ್ತಾರೆ. ಅವರಿಗೆ "ಯಾವಾಗ ದೀಕ್ಷಾಸ್ನಾನ? ಮನೇಲಿ ಹೇಳಿದ್ಯಾ? ಇವತ್ತೇ ಹೇಳಿಬಿಡು" ಅಂತ ಒತ್ತಾಯ ಮಾಡಬೇಡಿ. ಮಲ್ಲೇಶ್ವರಂನಲ್ಲಿ ಅಜ್ಜಿ, ಅಪ್ಪ, ಅಮ್ಮ ಎಲ್ಲ ಒಂದೇ ಮನೇಲಿರೋ ಹುಡುಗಿಗೆ ಆ ಒಂದು ಮಾತಿನ ಬೆಲೆ ಏನು ಅಂತ ನಿಮಗೆ ಗೊತ್ತಾ? ನಿರ್ಧಾರ ಅವಳದು, ಸಮಯ ದೇವರದು. ತಂದೆತಾಯಿಯನ್ನ ಗೌರವಿಸು ಅನ್ನೋದು ಹತ್ತು ಆಜ್ಞೆಯಲ್ಲಿ ಒಂದು, ಅದು ಕ್ರೈಸ್ತರಲ್ಲದ ತಂದೆತಾಯಿಗೆ ಅನ್ವಯಿಸಲ್ಲ ಅಂತ ಎಲ್ಲೂ ಬರೆದಿಲ್ಲ. ನೀವು ಪ್ರಾರ್ಥನೆ ಮಾಡಿ, ಪಕ್ಕದಲ್ಲಿ ಕೂತಿರಿ, ಕೇಳಿದ್ದಕ್ಕೆ ಉತ್ತರ ಕೊಡಿ. ಚಿಪ್ಪು ಕೀಳಬೇಡಿ.

2. ಮೊದಲು ನೆಲ ಬದಲಾಯಿಸಿ

ಮರಿ ಜಾರ್ತಿದೆ ಅಂತ ಕಂಡ ತಕ್ಷಣ ತಿಳಿದವರು ಮಾಡೋ ಮೊದಲ ಕೆಲಸ ಏನು? ಮರಿಯನ್ನ ಮುಟ್ಟೋದಲ್ಲ. ನ್ಯೂಸ್ ಪೇಪರ್ ತೆಗೀತಾರೆ. ಅದರ ಜಾಗಕ್ಕೆ ಒರಟಾದ ಹಳೇ ಟವಲ್ಲೋ, ಗೋಣಿಚೀಲವೋ, ರಬ್ಬರ್ ಮ್ಯಾಟೋ ಹಾಸ್ತಾರೆ. ಉಗುರಿಗೆ ಹಿಡಿತ ಸಿಗಬೇಕು. ಎಷ್ಟೋ ಮರಿಗಳಿಗೆ ಅಷ್ಟೇ ಸಾಕು, ಎದ್ದುಬಿಡ್ತವೆ.

ನಮ್ಮ ಊರಿನ ಚರಿತ್ರೆಯಲ್ಲೇ ಇದಕ್ಕೊಂದು ಸಾಕ್ಷಿ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹಳೇ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು, ಮನೆ ಬಿಟ್ಟು ಓಡಿದರು. ಆಗ ಆಡಳಿತದವರು ಔಷಧ ಒಂದನ್ನೇ ನಂಬಿ ಕೂರಲಿಲ್ಲ. ಅಗಲ ರಸ್ತೆ, ಗಾಳಿ, ಬೆಳಕು ಇರೋ ಹೊಸ ಬಡಾವಣೆಗಳಿಗೆ ಜನ ಹೋಗೋ ಹಾಗೆ ಮಾಡಿದರು. ನೀವು ಇವತ್ತು ನಡ್ಕೊಂಡು ಬಂದ ಬಸವನಗುಡಿ, ಅತ್ತ ಮಲ್ಲೇಶ್ವರಂ ಹಾಗೆ ಬೆಳೆದ ಜಾಗಗಳು. ಕಾಯಿಲೆ ಬಂದವನಿಗೆ "ನಿಂದೇ ತಪ್ಪು" ಅಂತ ಬೈದು ಅದೇ ಓಣಿಯಲ್ಲಿ ಇರಿಸಿದ್ರೆ ಏನಾಗ್ತಿತ್ತು? ಬದುಕಬೇಕಾದ್ರೆ ಜಾಗ ಬದಲಾಗಬೇಕಿತ್ತು.

ಈಗ ಒಬ್ಬ ತಮ್ಮನ ವಿಷಯ ಹೇಳ್ತೀನಿ. ಹೆಸರು ಬೇಡ, ಸಭೆಯ ಹೆಸರೂ ಬೇಡ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದ ಹುಡುಗ, ಬೈಕಲ್ಲಿ ಊಟ ಡೆಲಿವರಿ ಮಾಡ್ತಿದ್ದ. ಒಂದೇ ರೂಮಲ್ಲಿ ನಾಲ್ಕು ಜನ, ರಾತ್ರಿ ಹನ್ನೊಂದರ ಮೇಲೆ ಅಲ್ಲಿ ಬಾಟಲಿ ಓಪನ್. ಈ ಹುಡುಗನೂ ಕುಡೀತಿದ್ದ. ಒಂದು ದಿನ ಕರ್ತನು ಅವನನ್ನ ಮುಟ್ಟಿದ. ನಿಜವಾಗಿ ಮುಟ್ಟಿದ, ಅದರಲ್ಲಿ ನನಗೆ ಸಂಶಯ ಇಲ್ಲ. ಕುಡಿಯೋದು ಬಿಟ್ಟ. ಸಭೆಯವರಿಗೆ ಸಂತೋಷವೋ ಸಂತೋಷ. ಮೂರನೇ ವಾರ ಸ್ಟೇಜ್ ಮೇಲೆ ಸಾಕ್ಷಿ. ವಿಡಿಯೋ ಮಾಡಿದರು, ಯೂಟ್ಯೂಬಿಗೆ ಹಾಕಿದರು. ಎರಡನೇ ತಿಂಗಳು ಹೊಸ ಹುಡುಗರ ಲೀಡರ್. ಎಲ್ಲ ಹೊಳೆಯೋ ನೆಲ. ಆದರೆ ರಾತ್ರಿ ಹನ್ನೊಂದಕ್ಕೆ ಅವನು ಎಲ್ಲಿಗೆ ಹೋಗಬೇಕು? ಅದೇ ರೂಮಿಗೆ. ಅದೇ ಬಾಟಲಿ. "ಬೇರೆ ರೂಮ್ ನೋಡೋಣ್ವಾ, ಅಡ್ವಾನ್ಸ್ ಎಷ್ಟು ಬೇಕು" ಅಂತ ಒಬ್ಬರೂ ಕೇಳಲಿಲ್ಲ. ನಾಲ್ಕನೇ ತಿಂಗಳು ಅವನು ಬಿದ್ದ. ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಅವತ್ತು ರಾತ್ರಿ ಅವನು ಗ್ರೂಪ್ ಬಿಟ್ಟ. ಈಗ ಎಂಟು ತಿಂಗಳಾಯ್ತು, ಯಾವ ಸಭೆಗೂ ಹೋಗ್ತಿಲ್ಲ.

ಎಲ್ಲರೂ ಏನಂದ್ರು? "ಅವನ ಮನಸಾಂತರ ನಿಜವಾದದ್ದಲ್ಲ ಬಿಡಿ." ಇಲ್ಲ, ಪ್ರಿಯರೇ. ಕಾಲು ನಿಜವಾದದ್ದೇ. ನೆಲ ಜಾರ್ತಿತ್ತು.

ಹೊಸದಾಗಿ ನಂಬಿದವನನ್ನ ಸಭೆಯ ಮುಖ್ಯ ಸ್ಥಾನದಲ್ಲಿ ನಿಲ್ಲಿಸಬೇಡ ಅಂತ ಪೌಲನು ತಿಮೊಥೆಯನಿಗೆ ಬರೆದಿದ್ದಾನೆ, 1 ತಿಮೊಥೆಯನಿಗೆ 3:6. ಅದು ಅವನನ್ನ ಕೀಳಾಗಿ ನೋಡೋಕಲ್ಲ, ಕಾಯೋಕೆ. ಸ್ಟೇಜ್ ಅನ್ನೋದು ಈ ಊರಿನ ಅತ್ಯಂತ ನುಣುಪಾದ ನೆಲ. ಒರಟಾದ ನೆಲ ಯಾವುದು ಗೊತ್ತಾ? ಒಟ್ಟಿಗೆ ಊಟ. ಕೆಲಸ ಬಿಟ್ಟು ಬರುವಾಗ ಜೊತೆಗೆ ನಡೆಯೋದು. ಬುಧವಾರ ಸಂಜೆ ನಾಲ್ಕು ಜನ ಕೂತು ಮಾರ್ಕನ ಸುವಾರ್ತೆ ಒಂದು ಅಧ್ಯಾಯ ಓದೋದು. ಇದರಲ್ಲಿ ವಿಡಿಯೋ ಆಗೋ ಅಂಥದ್ದು ಏನೂ ಇಲ್ಲ. ಆದರೆ ಉಗುರಿಗೆ ಹಿಡಿತ ಸಿಗೋದು ಅಲ್ಲೇ.

3. ಪಟ್ಟಿ ಕಟ್ಟಿ, ಆದರೆ ಸಡಿಲವಾಗಿ, ಸ್ವಲ್ಪ ದಿನ ಮಾತ್ರ

ನೆಲ ಬದಲಾಯಿಸಿದ್ರೂ ಕೆಲವು ಮರಿ ಏಳಲ್ಲ. ಆಗ ಏನು ಮಾಡ್ತಾರೆ? ಗಾಯಕ್ಕೆ ಹಾಕೋ ಅಂಟುಪಟ್ಟಿ ಇರುತ್ತಲ್ಲ, ಅದನ್ನ ಸಣ್ಣಗೆ ಕತ್ತರಿಸಿ ಎರಡೂ ಕಾಲನ್ನ ಸೇರಿಸಿ ಕಟ್ತಾರೆ. ಒಂದಕ್ಕೊಂದು ಒತ್ತಿ ಅಲ್ಲ. ಮರಿ ಸಹಜವಾಗಿ ನಿಂತ್ರೆ ಕಾಲುಗಳ ನಡುವೆ ಎಷ್ಟು ಜಾಗ ಇರುತ್ತೋ ಅಷ್ಟು ಜಾಗ ಬಿಟ್ಟು. ಬಿಗಿಯಾದ್ರೆ ರಕ್ತ ಓಡಲ್ಲ, ಪಾದ ಊದಿಕೊಳ್ಳುತ್ತೆ. ಸಡಿಲ ಜಾಸ್ತಿಯಾದ್ರೆ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕಟ್ಟಿದ ಮೇಲೆ ಸುಮ್ಮನೆ ಬಿಡಲ್ಲ. ದಿನಕ್ಕೆ ಹಲವು ಸಲ ಹೊಟ್ಟೆ ಕೆಳಗೆ ಎರಡು ಬೆರಳು ಕೊಟ್ಟು, ಪಾದ ನೆಲಕ್ಕೆ ತಾಗೋ ಹಾಗೆ ಎತ್ತಿ ಹಿಡೀತಾರೆ. ಮೈಭಾರ ಸ್ವಲ್ಪ ಬೆರಳ ಮೇಲೆ, ಸ್ವಲ್ಪ ಕಾಲ ಮೇಲೆ. ಮೆಲ್ಲಗೆ ಬೆರಳು ಕೆಳಗಿಳಿಸ್ತಾರೆ. ಅದು ಒಂದು ಕ್ಷಣ ನಿಲ್ಲುತ್ತೆ, ಬೀಳುತ್ತೆ. ಮತ್ತೆ ಬೆರಳು. ನಡುನಡುವೆ ಪಟ್ಟಿ ಬಿಚ್ಚಿ ನೋಡ್ತಾರೆ. ಕಾಲು ನೇರ ಬಂದ ದಿನ ಕತ್ತರಿ ಹಾಕಿ ತೆಗೆದುಬಿಡ್ತಾರೆ.

ಹೋಶೇಯ 11ಕ್ಕೆ ಬನ್ನಿ, 3 ಮತ್ತು 4ನೇ ವಚನ. ಅಲ್ಲಿ ದೇವರು ಏನು ಹೇಳ್ತಿದ್ದಾನೆ? ಎಫ್ರಾಯೀಮಿಗೆ ನಡೆಯೋದು ಕಲಿಸಿದವನು ನಾನು, ಕೈ ಹಿಡ್ಕೊಂಡವನು ನಾನು, ವಾಸಿ ಮಾಡಿದವನೂ ನಾನು, ಅವರಿಗೆ ಅದು ಗೊತ್ತೇ ಆಗಲಿಲ್ಲ ಅಂತ ಒಬ್ಬ ತಂದೆ ಥರ ನೋವಿನಲ್ಲಿ ಹೇಳ್ತಿದ್ದಾನೆ. ಮುಂದಿನ ವಚನದಲ್ಲಿ ಕಟ್ಟಿನ ಮಾತು ಬರುತ್ತೆ. ಎಂಥ ಕಟ್ಟು? ಪ್ರೀತಿಯ ಕಟ್ಟು. ಅದೇ ವಚನದಲ್ಲಿ ನೊಗ ಸಡಿಲ ಮಾಡಿ, ಬಗ್ಗಿ ಊಟ ಕೊಟ್ಟೆ ಅಂತಾನೆ. ನೋಡಿ, ಪವಿತ್ರಾತ್ಮನು ಇದನ್ನ ಎಷ್ಟು ಚೆಂದ ಬರೆಸಿದ್ದಾನೆ! ಕಟ್ಟೋನೂ ಅವನೇ, ಸಡಿಲ ಮಾಡೋನೂ ಅವನೇ. ಹಲ್ಲೆಲೂಯ!

ಬಲಹೀನನಾದವನಿಗೆ ಸ್ವಲ್ಪ ದಿನ ಕಟ್ಟು ಬೇಕು. ರಾತ್ರಿ ಹತ್ತಕ್ಕೆ ಒಬ್ಬ ಅಣ್ಣನಿಗೆ ಫೋನ್ ಮಾಡೋ ಒಪ್ಪಂದ. ಆನ್‌ಲೈನ್ ಬೆಟ್ಟಿಂಗಲ್ಲಿ ದುಡ್ಡು ಕಳ್ಕೊಂಡವನು ಸಂಬಳ ಬಂದ ದಿನವೇ ಮನೆಯವರಿಗೆ ಕಳಿಸೋ ಒಪ್ಪಂದ. ರಾತ್ರಿ ಮೊಬೈಲ್ ಹಾಲಲ್ಲಿ ಇಟ್ಟು ಮಲಗೋ ಒಪ್ಪಂದ. ಅವನೇ ಒಪ್ಪಿ ಕಟ್ಟಿಸ್ಕೊಂಡ ಪಟ್ಟಿ. ಇದರಲ್ಲಿ ಅವಮಾನ ಏನಿಲ್ಲ.

ಆದರೆ ಯೌವನಸ್ಥರೇ, ಇದನ್ನ ಕಿವಿಕೊಟ್ಟು ಕೇಳಿ. ಕಾಲು ನೇರವಾದ ಮೇಲೂ ಪಟ್ಟಿ ಬಿಚ್ಚದೇ ಇದ್ರೆ ಅದು ಮದ್ದಲ್ಲ, ಬೇಡಿ. ನಿಮ್ಮ ಮೊಬೈಲ್ ಪಾಸ್‌ವರ್ಡ್ ಕೇಳೋ ಲೀಡರ್, ನೀವು ಯಾರನ್ನ ಮದುವೆಯಾಗಬೇಕು ಅಂತ ತಾನೇ ತೀರ್ಮಾನ ಮಾಡೋ ಸೇವಕ, "ನನ್ನನ್ನ ಕೇಳದೆ ಊರಿಗೆ ಹೋಗಬೇಡ" ಅನ್ನೋ ಅಣ್ಣ, ಎರಡು ವರ್ಷ ಆದ್ರೂ "ನೀನಿನ್ನೂ ರೆಡಿ ಇಲ್ಲ" ಅಂತ ಹೇಳ್ತಾನೇ ಇರೋರು, ಇವರು ಪಟ್ಟಿ ಬಿಚ್ಚೋಕೆ ಮರೆತವರಲ್ಲ, ಬಿಚ್ಚೋ ಮನಸ್ಸೇ ಇಲ್ಲದವರು. ರೋಮಾಪುರದವರಿಗೆ 14:4 ಓದಿ. ಸೇವಕನು ನಿಲ್ಲೋದು, ಬೀಳೋದು ಅವನ ಯಜಮಾನನಿಗೆ ಸೇರಿದ್ದು. ನಿಲ್ಲಿಸೋ ಶಕ್ತಿ ಕರ್ತನಿಗಿದೆ. ಕಾಲು ಕಟ್ಟಿದವನು ಕಾಲಿನ ಒಡೆಯ ಅಲ್ಲ. ಆಮೆನ್ ಹೇಳಿ!

4. ಕಾವು ತಪ್ಪಬಾರದು, ಕುಕ್ಕೋರಿಂದ ಕಾಯಬೇಕು

ನೆಲ ಸರಿ, ಪಟ್ಟಿ ಸರಿ. ಆದ್ರೂ ಮರಿ ಸತ್ತೋಗುತ್ತೆ, ಕಾವಿಲ್ಲದಿದ್ರೆ. ಮೊದಲ ವಾರ ಮರಿಗೆ ಸುಮಾರು 32ರಿಂದ 35 ಡಿಗ್ರಿ ಬೆಚ್ಚಗೆ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಕಮ್ಮಿ ಮಾಡ್ತಾ ಬರ್ತಾರೆ. ಥರ್ಮಾಮೀಟರ್ ಇಲ್ಲದಿದ್ರೂ ಮರಿಗಳೇ ಹೇಳ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚಿಯೋ ಚಿಯೋ ಅಂತಿದ್ರೆ ಚಳಿ. ರೆಕ್ಕೆ ಜೋಲುಬಿಟ್ಟು ದೂರ ಓಡಿದ್ರೆ ಸೆಕೆ. ಹಾಯಾಗಿ ಚದುರಿ ಮಲಗಿದ್ರೆ ಎಲ್ಲ ಸರಿ. ಡಿಸೆಂಬರ್ ರಾತ್ರಿ ನಮ್ಮ ಬೆಂಗಳೂರಲ್ಲಿ ಶೂ ಡಬ್ಬದೊಳಗೆ ಒಂಟಿ ಮರಿ ಬಿಟ್ರೆ ಬೆಳಗ್ಗೆ ಅದು ಇರಲ್ಲ. ಕುಡಿಯೋ ನೀರಿನ ತಟ್ಟೆಗೂ ಬೆಣಚುಕಲ್ಲು ಹಾಕ್ತಾರೆ, ನಿಲ್ಲಲಾರದ ಮರಿ ಅಷ್ಟೇ ನೀರಲ್ಲಿ ಮುಳುಗಿ ಸಾಯಬಾರದು ಅಂತ. ಹೊಸಬರಿಗೆ ಪ್ರಕಟನೆ ಪುಸ್ತಕದ ಏಳು ಮುದ್ರೆಯಿಂದ ಪಾಠ ಶುರು ಮಾಡೋರು ಆ ಬೆಣಚುಕಲ್ಲನ್ನ ಸ್ವಲ್ಪ ನೆನೆಸ್ಕೊಳ್ಳಿ. (ನಗು)

ಇನ್ನೊಂದು ಸಂಗತಿ ಕೇಳೋಕೆ ಬೇಜಾರು. ಒಂದು ಮರಿ ಬಲಹೀನ ಅಂತ ಗೊತ್ತಾದ್ರೆ ಉಳಿದ ಮರಿಗಳು ಅದನ್ನ ಕುಕ್ತವೆ. ಬಿದ್ದದ್ದನ್ನ ತುಳೀತವೆ. ಅದಕ್ಕೇ ತಿಳಿದವರು ಅದನ್ನ ಸ್ವಲ್ಪ ಬೇರೆ ಇಡ್ತಾರೆ. ಆದರೆ ಬೇರೆ ಕೋಣೇಲಿ ಅಲ್ಲ. ನಡುವೆ ಒಂದು ಜಾಲರಿ ಅಷ್ಟೇ. ಬೇರೆ ಮರಿಗಳ ದನಿ ಕೇಳಬೇಕು, ಅವು ಕಣ್ಣಿಗೆ ಕಾಣಬೇಕು. ಒಂಟಿಯಾದ ಮರಿ ತಿನ್ನೋದೇ ಬಿಟ್ಟುಬಿಡಬಹುದು.

ಸಭೆಯಲ್ಲಿ ಕುಕ್ಕೋದು ಹೇಗಿರುತ್ತೆ ಗೊತ್ತಾ? ಬೈಯೋದಿಲ್ಲ. ಬಹಳ ಭಕ್ತಿಯಿಂದ ಕುಕ್ತಾರೆ. "ಸಿಸ್ಟರ್, ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ, ಆ ಹುಡುಗಿ ವಿಷಯ ಗೊತ್ತಾಯ್ತಾ?" ಅದು ಪ್ರಾರ್ಥನಾ ವಿಜ್ಞಾಪನೆ ಅಲ್ಲ, ಕೊಕ್ಕು. 1 ಥೆಸಲೋನಿಕದವರಿಗೆ 5:14ರಲ್ಲಿ ಪೌಲನು ಒಂದೊಂದು ಥರದವರಿಗೆ ಒಂದೊಂದು ಕೆಲಸ ಹೇಳ್ತಾನೆ. ಅಡ್ಡದಿಡ್ಡಿ ನಡೆಯೋರಿಗೆ ಬುದ್ಧಿ ಹೇಳಿ, ಮನಗುಂದಿದವರನ್ನ ಧೈರ್ಯಪಡಿಸಿ, ಬಲಹೀನರಿಗೆ ಆಸರೆಯಾಗಿ, ಎಲ್ಲರ ಜೊತೆ ತಾಳ್ಮೆ ಇರಲಿ. ಬಲಹೀನನಿಗೆ ಬುದ್ಧಿ ಹೇಳಿ ಅಂತ ಬರೆದಿಲ್ಲ ನೋಡಿ. ಅವನಿಗೆ ಬೇಕಾದ್ದು ಆಸರೆ.

ಕೋಳಿ ಸಾಕೋದು ಕಲಿಯೋಕೆ ನಮ್ಮ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿ ನೀವು ಕೇಳಿರ್ತೀರಿ. ದೊಡ್ಡ ಮೈ, ಒಳ್ಳೇ ಮೊಟ್ಟೆ, ರೈತರಿಗೆ ಬಹಳ ಉಪಕಾರ ಮಾಡಿದ ಕೋಳಿ. ಆದರೆ ಅದು ಸಾಮಾನ್ಯವಾಗಿ ಕಾವಿಗೆ ಕೂರಲ್ಲ. ಮೆಷಿನ್ ಇಲ್ಲದ ಹಳ್ಳಿಮನೆಯಲ್ಲಿ ಏನು ಮಾಡ್ತಾರೆ? ಗಿರಿರಾಜನ ಮೊಟ್ಟೆಯನ್ನ ಸಣ್ಣ ನಾಟಿ ಹೇಂಟೆ ಕೆಳಗೆ ಇಡ್ತಾರೆ. ಆ ನಾಟಿ ಹೇಂಟೆ "ಇದು ಯಾರ ಮೊಟ್ಟೆ?" ಅಂತ ಕೇಳಲ್ಲ. 21 ದಿನ ಕೂರುತ್ತೆ. ದಿನಕ್ಕೆ ಸ್ವಲ್ಪ ಹೊತ್ತು ಎದ್ದು ನಾಲ್ಕು ಕಾಳು ತಿಂದು ನೀರು ಕುಡಿದು ಮತ್ತೆ ಬಂದು ಕೂರುತ್ತೆ. ಅದರ ಮೈ ಇಳಿದುಹೋಗುತ್ತೆ. ಪ್ರಿಯರೇ, ಈ ಊರಲ್ಲಿ ದೊಡ್ಡ ದೊಡ್ಡ ಮೀಟಿಂಗ್ ಮಾಡೋರಿದ್ದಾರೆ, ದೇವರು ಅವರನ್ನ ಆಶೀರ್ವದಿಸಲಿ, ಅವರೂ ಬೇಕು. ಆದರೆ ಕಾವಿಗೆ ಕೂರೋರು ಎಲ್ಲಿದ್ದಾರೆ? ನಿಮಗೆ ಹಾಡೋಕೆ ಬರದೇ ಇರಬಹುದು, ಪ್ರಸಂಗ ಮಾಡೋಕೆ ಬರದೇ ಇರಬಹುದು. ಒಬ್ಬ ತಂಗಿಯನ್ನ 21 ದಿನ ದಿನಕ್ಕೊಂದು ಸಲ "ಊಟ ಆಯ್ತಾ, ಹೇಗಿದ್ದೀಯ" ಅಂತ ಕೇಳೋಕೆ ಬರುತ್ತಲ್ಲ? ಅದೇ ಸೇವೆ.

ಹಿಡಿದ ಕೈ ತಕ್ಷಣ ಬಿಡಲಿಲ್ಲ

ಕೆಲವರು ಮನಸ್ಸಲ್ಲಿ ಅಂದ್ಕೊಳ್ತಿದ್ದೀರಿ. "ಪಾಸ್ಟರ್, ನಾವು ಪೆಂಟೆಕೋಸ್ಟ್‌ನವರು. ಯೇಸುವಿನ ನಾಮದಲ್ಲಿ ಎದ್ದೇಳು ಅಂದ್ರೆ ಏಳ್ತಾರೆ. ಈ ಟವಲ್ಲು, ಪಟ್ಟಿ ಎಲ್ಲ ಯಾಕೆ?" ಒಳ್ಳೇ ಪ್ರಶ್ನೆ. ಅಪೊಸ್ತಲರ ಕೃತ್ಯಗಳು 3 ತೆಗೀರಿ.

ಹುಟ್ಟುಕುಂಟ. 4:22 ಪ್ರಕಾರ ವಯಸ್ಸು ನಲವತ್ತರ ಮೇಲೆ. ದಿನಾ ಅವನನ್ನ ಹೊತ್ಕೊಂಡು ಬಂದು ದೇವಾಲಯದ ಬಾಗಿಲಲ್ಲಿ ಕೂರಿಸ್ತಿದ್ರು. ಪೇತ್ರನು ಯೇಸುವಿನ ಹೆಸರಲ್ಲಿ ನಡಿ ಅಂದ. ಅಷ್ಟಕ್ಕೇ ನಿಲ್ಲಿಸಿದ್ನಾ? 7ನೇ ವಚನ ನೋಡಿ. ಬಲಗೈ ಹಿಡ್ಕೊಂಡು ಎಬ್ಬಿಸಿದ. ಆಗ ಅವನ ಪಾದಕ್ಕೂ ಹರಡಿಗೂ ಬಲ ಬಂತು. ಅದು ಅದ್ಭುತವೇ. ನಾನು ಅದನ್ನ ಪೂರ್ತಿ ನಂಬ್ತೀನಿ, ಇವತ್ತೂ ದೇವರು ಮಾಡ್ತಾನೆ ಅಂತ ನಂಬ್ತೀನಿ. ಆದರೆ ಅದ್ಭುತ ನಡೆದದ್ದು ಒಂದು ಕೈ ಇನ್ನೊಂದು ಕೈಯನ್ನ ಹಿಡಿದಾಗ. 11ನೇ ವಚನಕ್ಕೆ ಬಂದ್ರೆ ಅವನು ಹಾರಿ, ಕುಣಿದು, ದೇವರನ್ನ ಕೊಂಡಾಡಿ ಆಗಿದೆ. ಆದ್ರೂ ಏನು ಮಾಡ್ತಿದ್ದಾನೆ? ಪೇತ್ರ ಯೋಹಾನರನ್ನ ಹಿಡ್ಕೊಂಡೇ ಇದ್ದಾನೆ. ವಾಸಿಯಾದವನೂ ಸ್ವಲ್ಪ ಹೊತ್ತು ಹಿಡ್ಕೊಂಡಿರ್ತಾನೆ. ಪೇತ್ರನು "ವಾಸಿಯಾಯ್ತಲ್ಲ, ಕೈ ಬಿಡು" ಅಂದ ಅಂತ ಬರೆದಿಲ್ಲ.

ಇದನ್ನ ಬರೆದವನು ಲೂಕ. ಕೊಲೊಸ್ಸೆಯವರಿಗೆ 4:14ರ ಪ್ರಕಾರ ವೈದ್ಯ. ಅದಕ್ಕೇ ಹರಡು, ಪಾದ ಅಂತ ಬಿಡಿಸಿ ಬರೆದಿದ್ದಾನೋ ಏನೋ. ವೈದ್ಯನನ್ನ ಪವಿತ್ರಾತ್ಮನು ಎರಡು ಪುಸ್ತಕ ಬರೆಯೋಕೆ ಉಪಯೋಗಿಸಿದ್ದಾನೆ. ಹಾಗಾಗಿ ಒಂದು ಮಾತು ನೇರವಾಗಿ ಹೇಳ್ತೀನಿ. ಕೆಲವು ಮರಿಯ ಕಾಲಿಗೆ ಪಟ್ಟಿ ಸಾಲದು, ಒಳಗೆ ಪೋಷಣೆಯ ಕೊರತೆ ಇರುತ್ತೆ, ಪಶುವೈದ್ಯರಿಗೇ ತೋರಿಸಬೇಕು. ಹಾಗೇ ನಿಮ್ಮಲ್ಲಿ ಯಾರಿಗಾದ್ರೂ ವಾರಗಟ್ಟಲೆ ನಿದ್ದೆ ಇಲ್ಲ, ಏಳೋಕೆ ಮನಸ್ಸಿಲ್ಲ, ಬದುಕೋದೇ ಬೇಡ ಅನ್ಸುತ್ತೆ ಅಂದ್ರೆ, ಅದನ್ನ "ವಿಶ್ವಾಸ ಕಮ್ಮಿ" ಅಂತ ಮುಚ್ಚಿಡಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತಗೊಂಡು ಪ್ರಾರ್ಥನೆ ಮಾಡಿ. ಪ್ರಾರ್ಥನೆ ಮಾಡಿ ಮಾತ್ರೆ ತಗೊಳ್ಳಿ. ಎರಡರ ಒಡೆಯನೂ ಒಬ್ಬನೇ.

ಮತ್ತೆ, ಎಲ್ಲ ಮಾಡಿದ್ರೂ ಕೆಲವು ಮರಿ ನಿಲ್ಲಲ್ಲ. ಇದನ್ನೂ ಹೇಳಬೇಕು. ಇಲ್ಲಿ ಒಬ್ಬ ಸ್ನೇಹಿತನಿಗಾಗಿ, ಒಬ್ಬ ಅಕ್ಕನಿಗಾಗಿ ಎರಡು ವರ್ಷ ಓಡಾಡಿ, ಕೊನೆಗೆ ಅವರು ದೂರ ಹೋದದ್ದನ್ನ ಕಂಡವರಿದ್ದೀರಿ. ಆ ಪ್ರೀತಿ ದಂಡವಾಯ್ತು ಅಂತ ಸೈತಾನನು ಹೇಳ್ತಾನೆ. ನಂಬಬೇಡಿ. ಯೆರೂಸಲೇಮಿನ ಮುಂದೆ ನಿಂತ ಕರ್ತನೂ ಅದನ್ನೇ ಹೇಳಿದ: ಎಷ್ಟೋ ಸಲ ರೆಕ್ಕೆ ಬಿಚ್ಚಿದೆ, ನಿಮಗೇ ಮನಸ್ಸಿರಲಿಲ್ಲ. ಹಾಗಂತ ಅವನು ರೆಕ್ಕೆ ಮಡಚ್ಕೊಂಡ್ನಾ? ಇಲ್ಲ. ಮುಂದೆ ಅದೇ ಊರ ಹೊರಗೆ ಶಿಲುಬೆ ಮೇಲೆ ಎರಡೂ ಕೈ ಚಾಚಿದ. ದೇವರಿಗೆ ಸ್ತೋತ್ರ.

ಸಂಗೀತದವರು ಮೆಲ್ಲಗೆ ನುಡಿಸಿ. ಎಲ್ಲರೂ ಕಣ್ಣು ಮುಚ್ಚಿ.

ಇಬ್ಬರನ್ನ ಕರೀತೀನಿ. ಮೊದಲನೇದು, ನಿಲ್ಲೋಕಾಗ್ತಿಲ್ಲ ಅನ್ನೋರು. ಆರಾಧನೆಯಲ್ಲಿ ಕೈ ಎತ್ತುತ್ತೀರಿ, ರೂಮಿಗೆ ಹೋದ್ರೆ ಜಾರ್ತೀರಿ, ಮತ್ತೆ ಭಾನುವಾರ ನಾಚಿಕೆಯಿಂದ ಬರ್ತೀರಿ. ಮುಂದೆ ಬನ್ನಿ. ಯಾರೂ ಮೈಕ್ ಕೊಡಲ್ಲ, ಯಾರೂ ವಿಡಿಯೋ ಮಾಡಲ್ಲ. ಕ್ಯಾಮೆರಾ ಆಫ್ ಆಗಿದೆ. ನಿಮ್ಮ ಜೊತೆ ಒಬ್ಬರು ನಿಂತ್ಕೊಳ್ತಾರೆ, ಅಷ್ಟೇ. ಯಾವ ನೆಲದಲ್ಲಿ ಜಾರ್ತಿದ್ದೀರಿ ಅಂತ ಅವರಿಗೆ ಮೆಲ್ಲಗೆ ಹೇಳಿ. ರೂಮೋ, ಫೋನೋ, ಸಾಲವೋ, ಸ್ನೇಹವೋ. ಈ ವಾರ ಆ ನೆಲ ಬದಲಾಯಿಸೋಕೆ ಏನು ಮಾಡಬಹುದು ಅಂತ ಇಬ್ಬರೂ ಕೂತು ಯೋಚನೆ ಮಾಡಿ.

ಎರಡನೇದು, ನಿಲ್ಲೋ ಬಲ ಇರೋರು. ನಿಮ್ಮ ಮೊಬೈಲಲ್ಲಿ ಒಂದು ನಂಬರ್ ಇದೆ. ಮೊದಲು ಬರ್ತಿದ್ರು, ಈಗ ಬರ್ತಿಲ್ಲ. ಕರ್ತನು ಈಗಲೇ ಆ ಮುಖವನ್ನ ನಿಮ್ಮ ಮನಸ್ಸಿಗೆ ತರ್ತಿದ್ದಾನೆ. ಇವತ್ತು ಸಂಜೆಯೊಳಗೆ ಫೋನ್ ಮಾಡಿ. "ಯಾಕೆ ಸಭೆಗೆ ಬರ್ತಿಲ್ಲ" ಅಂತ ಕೇಳಬೇಡಿ. "ಕಾಫಿ ಕುಡಿಯೋಣ ಬಾ" ಅನ್ನಿ. ದುಡ್ಡು ನೀವೇ ಕೊಡಿ.

ಆ ಡೆಲಿವರಿ ಹುಡುಗ ಇದನ್ನ ಎಲ್ಲೋ ಓದ್ತಿರಬಹುದು. ತಮ್ಮಾ, ನಿನ್ನ ಕಾಲು ಕೆಟ್ಟದ್ದಲ್ಲ. ನಿನ್ನನ್ನ ಬೇಕು ಅಂದವನು ಬೇಡ ಅಂದಿಲ್ಲ. ಎಂಟು ತಿಂಗಳು ತಡ ಅಲ್ಲ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಎಫ್ರಾಯೀಮಿಗೆ ನಡೆಯೋದು ಕಲಿಸಿದ ನಿನ್ನ ಬೆರಳು ಇವತ್ತು ಈ ಮಕ್ಕಳ ಕೆಳಗಿರಲಿ. ಜಾರುವ ನೆಲದಿಂದ ಇವರನ್ನ ಎತ್ತಿ ಗಟ್ಟಿ ನೆಲದ ಮೇಲೆ ಇಡು. ಕಟ್ಟಬೇಕಾದ್ದನ್ನ ಪ್ರೀತಿಯಿಂದ ಕಟ್ಟು, ಬಿಚ್ಚಬೇಕಾದ್ದನ್ನ ಬಿಚ್ಚು. ಈ ಸಭೆಯನ್ನ ಕುಕ್ಕೋ ಸಭೆ ಮಾಡಬೇಡ, ಕಾವಿಗೆ ಕೂರೋ ಸಭೆ ಮಾಡು. ದೂರ ಹೋದವರ ರೂಮಿನ ಬಾಗಿಲ ಹತ್ತಿರ ಈ ರಾತ್ರಿ ನೀನೇ ಹೋಗು, ನಮ್ಮನ್ನೂ ಕಳಿಸು. ಯೇಸುವಿನ ನಾಮದಲ್ಲಿ ಬೇಡ್ತೀವಿ, ತಂದೆಯೇ. ಆಮೆನ್, ಆಮೆನ್.

ಮುಂದೆ ಬಂದವರ ಜೊತೆ ಪ್ರಾರ್ಥನೆ ಮಾಡೋ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಬನ್ನಿ. ಉಳಿದವರು ಶಬ್ದ ಮಾಡದೆ ಹೊರಗೆ ಹೋಗಿ ಟೀ ಕುಡೀರಿ. ಹೊಸದಾಗಿ ಬಂದವರು ಯಾರಾದ್ರೂ ಒಬ್ಬರೇ ನಿಂತಿದ್ರೆ, ಇನ್ನೊಂದು ಲೋಟ ಹಿಡ್ಕೊಂಡು ಅವರ ಹತ್ತಿರ ಹೋಗಿ. ದೇವರು ನಿಮ್ಮನ್ನ ಆಶೀರ್ವದಿಸಲಿ.